ಕ್ಯಾಸ್ಪಿಯನ್ ಸಮುದ್ರದ ಮೇಲೆ ಅತ್ತೆಯ ಊಟ

ನಮ್ಮ ಮಸ್ಕಿಯಲ್ಲಿ ಯಾರಾದರೂ ದೂರದ ಊರಿಗೆ ಹೊರಟರೆ, ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸುವ ಮೊದಲು ನಮ್ಮ ಮನೆಗೆ ಬಂದು ವಿಚಾರಿಸುತ್ತಿದ್ದರು. ಈಗ ಬರುವುದಿಲ್ಲ. ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದವನು. ಸಿಂಧನೂರಿಗೆ ಮುಕ್ಕಾಲು ತಾಸು, ಲಿಂಗಸುಗೂರಿಗೆ ಮುಕ್ಕಾಲು ತಾಸು, ಡ್ರೈವರ್ ಚಹಾಕ್ಕೆ ಇಳಿದರೆ ಒಂದು ತಾಸು. ಇಂಥ ಲೆಕ್ಕವೆಲ್ಲ ನನ್ನ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಒಂದೂ ತಪ್ಪಿದ್ದಿಲ್ಲ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವವರಿಗೆ ಸೂರ್ಯನಿಂದ ಅಡಚಣೆಯಾದ ಉದಾಹರಣೆ ಇರಲಿಲ್ಲ ನೋಡಿ!

ಹೋದ ಆಷಾಢದಲ್ಲಿ ಹೊಸ ಲೆಕ್ಕವೊಂದು ಬಂತು. ನನ್ನ ಹೆಂಡತಿ ಗಿರಿಜಾಳ ತಂಗಿ ಶಶಿಕಲಾ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಚೊಚ್ಚಲ ಬಸುರಿ. ಬಾಣಂತನಕ್ಕೆ ಅವ್ವನೇ ಬರಬೇಕೆಂದು ಫೋನಿನಲ್ಲಿ ಅತ್ತಳು. ಅವ್ವ ಎಂದರೆ ನನ್ನ ಅತ್ತೆ, ಗುರುಗುಂಟಾದ ಅಮರಮ್ಮ. ವಯಸ್ಸು ಎಪ್ಪತ್ತೆರಡು. ಅವರು ಹೋದ ಅತಿ ದೂರದ ಊರು ಶ್ರೀಶೈಲ, ಅದೂ ನಡೆದುಕೊಂಡು. ಗಿರಿಜಾಳಿಗೆ ಅಂಗನವಾಡಿ ಕೆಲಸ, ರಜೆ ಇಲ್ಲ. ನನಗೆ ರಜೆ ಬಿಟ್ಟರೆ ಬೇರೇನೂ ಇಲ್ಲ. ಹೀಗಾಗಿ ಅತ್ತೆಯನ್ನು ಕರೆದುಕೊಂಡು ಹೋಗಿ ಬಿಟ್ಟು ಬರುವ ಭಾರ ನನ್ನ ಮೇಲೆ ಬಿತ್ತು.

ಶಶಿಕಲಾ ಟಿಕೆಟ್ ಕಳಿಸಿದಳು. ಬೆಂಗಳೂರಿನಿಂದ ಲಂಡನ್, ಮಧ್ಯಾಹ್ನ ಒಂದೂವರೆಗೆ ಹೊರಟರೆ ಸಂಜೆ ಏಳೂ ಮುಕ್ಕಾಲಿಗೆ ತಲುಪುತ್ತದೆ. ದಿನ ಸೋಮವಾರ. ಬರೀ ಸೋಮವಾರವಲ್ಲ, ಶ್ರಾವಣದ ಮೊದಲನೆಯ ಸೋಮವಾರ!

ಅತ್ತೆ ಸೆರಗು ಸರಿಮಾಡಿಕೊಂಡು, "ಸೋಮವಾರ ಒಲ್ಲೆ," ಎಂದುಬಿಟ್ಟರು.

ಮದುವೆಯಾಗಿ ಬಂದ ವರ್ಷದಿಂದ ಅವರು ಶ್ರಾವಣ ಸೋಮವಾರ ಹಿಡಿದಿದ್ದಾರೆ. ಹೊತ್ತು ಮುಳುಗುವ ತನಕ ಚಹಾ ಮತ್ತು ನೀರು, ಅಷ್ಟೇ. ಹೊತ್ತು ಮುಳುಗಿದ ಮೇಲೆ ಕೈಮುಗಿದು, ವಿಭೂತಿ ಹಚ್ಚಿಕೊಂಡು, ಕೊರಳಿನ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಊಟ. ಐವತ್ತು ವರ್ಷದಲ್ಲಿ ಒಂದು ಸೋಮವಾರವೂ ತಪ್ಪಿಲ್ಲ. ಗಿರಿಜಾ ಹುಟ್ಟಿದ್ದೂ ಶ್ರಾವಣ ಸೋಮವಾರವಂತೆ. ಅವತ್ತೂ ಹೊತ್ತು ಮುಳುಗಿದ ಮೇಲೆಯೇ ಉಂಡರಂತೆ.

"ನಮ್ಮೂರಾಗಾದ್ರ ಹೊಲದ ಕಡಿ ನೋಡಿದ್ರ ತಿಳೀತದ, ದನ ಬರೂದು ನೋಡಿದ್ರ ತಿಳೀತದ. ಆಕಾಶದಾಗ ಏನ್ ನೋಡ್ಲಿ?" ಎಂದರು ಅತ್ತೆ.

"ಅದರ ಫಿಕರ್ ನಿಮಗ್ಯಾಕ್ರಿ ಅತ್ತಿ? ಆ ಲೆಕ್ಕ ನನಗ ಬಿಡ್ರಿ," ಎಂದೆ. ಈ ಮಾತನ್ನು ಆಡುವಾಗ ನನ್ನ ಎದೆ ಎರಡು ಇಂಚು ಮುಂದೆ ಬಂದಿತ್ತು.

ಮರುದಿನವೇ ನನ್ನ ಹಳೆಯ ಶಾಲೆಗೆ ಹೋಗಿ ಗ್ಲೋಬು ತಂದೆ. ಯಾವುದೋ ಬ್ಯಾಚಿನ ಹುಡುಗರು ಅದನ್ನು ಚೆಂಡು ಮಾಡಿಕೊಂಡು ಆಡಿದ್ದರಿಂದ ಅರಬ್ಬಿ ಸಮುದ್ರದ ಜಾಗ ತಗ್ಗಾಗಿ ಒಳಗೆ ಹೋಗಿತ್ತು. ಪರವಾಗಿಲ್ಲ, ಸಮುದ್ರ ತಗ್ಗಿನಲ್ಲೇ ಇರಬೇಕಾದ್ದು. ಎದುರಿನ ಕಿರಾಣಿ ಅಂಗಡಿಯ ಪಂಪಣ್ಣನಿಂದ ಪೊಟ್ಟಣ ಕಟ್ಟುವ ದಾರ ಇಸಿದುಕೊಂಡೆ. ಬೆಂಗಳೂರಿನ ಮೇಲೆ ಒಂದು ಬೆರಳು, ಲಂಡನ್ ಮೇಲೆ ಒಂದು ಬೆರಳು, ನಡುವೆ ದಾರ ಬಿಗಿದು ಅಳೆದೆ. ಹತ್ತಿರ ಹತ್ತಿರ ಎಂಟು ಸಾವಿರ ಕಿಲೋಮೀಟರು!

ದಾರದ ಹಿಂದೆಯೇ ಬಂದಿದ್ದ ಪಂಪಣ್ಣ ಟಿಕೆಟ್ ತಿರುವಿ ನೋಡಿದ. "ಒಂದೂವರಿಗಿ ಬಿಟ್ಟು ಏಳೂ ಮುಕ್ಕಾಲಿಗಿ ಮುಟ್ತದ. ಆರೂ ಕಾಲು ತಾಸು. ಸಿಂಧನೂರಿಂದ ಬೆಂಗಳೂರಿಗೆ ಇದಕ್ಕಿಂತ ಜಾಸ್ತಿ ಹಿಡೀತದಲ್ರಿ ಮಾಸ್ತರ!"

ನಾನು ಕರುಣೆಯಿಂದ ನಕ್ಕೆ. "ಪಂಪಣ್ಣ, ಅದು ಅಲ್ಲಿಯ ಗಡಿಯಾರ. ನಮ್ಮ ಗಡಿಯಾರಕ್ಕೂ ಅದಕ್ಕೂ ನಾಕೂವರಿ ತಾಸು ಫರಕು. ಬರೋಬ್ಬರಿ ಹತ್ತೂ ಮುಕ್ಕಾಲು ತಾಸಿನ ಹಾದಿ. ಇಂಥಾದ್ರಾಗೇ ಮಂದಿ ಮೋಸ ಹೋಗ್ತಾರ."

ಪಂಪಣ್ಣ ತಲೆದೂಗಿದ. ಗಿರಿಜಾ ಕೂಡ ಅಡುಗೆಮನೆಯ ಬಾಗಿಲಿಗೆ ಬಂದು ಒಂದು ಕ್ಷಣ ಗೌರವದಿಂದ ನೋಡಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತಿಗೂ ನನ್ನ ಮಾನ ಉಳಿದಿರುತ್ತಿತ್ತು. ನಿಲ್ಲಿಸಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಸೂರ್ಯಾಸ್ತ ನೋಡಿದೆ: ಆರು ಗಂಟೆ ನಲವತ್ತೇಳು ನಿಮಿಷ. ಆ ಹೊತ್ತಿಗೆ ವಿಮಾನ ಎಲ್ಲಿರುತ್ತದೆ ಎಂದು ದಾರದ ಮೇಲೆ ಗುರುತು ಹಾಕಿ, ಗ್ಲೋಬಿನ ಮೇಲೆ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟೆ.

"ಕ್ಯಾಸ್ಪಿಯನ್ ಸಮುದ್ರ," ಎಂದು ಘೋಷಿಸಿದೆ. "ಅತ್ತಿಯವರ ಊಟ ಇಲ್ಲಿ!"

ಅಂದೇ ಒಂದು ವೇಳಾಪಟ್ಟಿ ಬರೆದೆ. 'ಸಂಜೆ 6.40: ಕೈ ತೊಳೆಯುವುದು. 6.47: ಸೂರ್ಯಾಸ್ತ. 6.50: ಭೋಜನ. 7.00: ಗುಳಿಗೆ.' ಗುಳಿಗೆ ಎಂದರೆ ಅತ್ತೆಯ ಬಿಪಿ ಗುಳಿಗೆ. ಹಿಂದಿನ ಶ್ರಾವಣದಲ್ಲಿ ಒಂದು ಸೋಮವಾರ ಊಟ ತಡವಾಗಿ ಅವರು ಅಂಗಳದಲ್ಲಿ ತಲೆ ತಿರುಗಿ ಕುಸಿದಿದ್ದರು. ಅದಕ್ಕೇ ಗಿರಿಜಾ ಆ ಚೀಟಿಯನ್ನು ಎರಡು ಸಲ ಓದಿ, "ಖರೇನ ಏಳರೊಳಗ ಉಣ್ತಾಳಲ್ರೀ ಅವ್ವ? ಅಕಿ ತ್ರಾಸಾದ್ರೂ ಬಾಯಿ ಬಿಡಂಗಿಲ್ಲ. ನಿಮ್ಮನ್ನ ನಂಬಿ ಕಳಸಾಕತ್ತೀನಿ," ಎಂದಳು.

"ಸೂರ್ಯ ತಪ್ಪಿದ್ರೂ ನಾ ತಪ್ಪಂಗಿಲ್ಲ," ಎಂದೆ. ಈ ಮಾತು ಆಡಬಾರದಿತ್ತು.

ಇನ್ನೂ ಒಂದು ಮಾತು ಆಡಬಾರದಿತ್ತು. ಭಾನುವಾರ ಸಂಜೆ ಊರು ಬಿಡುವಾಗ ಗುರುಗುಂಟಾದಲ್ಲಿ ಬಂಧುಬಳಗ ಸೇರಿತ್ತು. ಅತ್ತೆಯ ಮುಖದಲ್ಲಿ ಇನ್ನೂ ಅನುಮಾನವಿತ್ತು. ಅವರಿಗೆ ಧೈರ್ಯ ಬರಲೆಂದು ನಾನು ಎಲ್ಲರೆದುರು, "ಅತ್ತಿ, ನಾನೂ ನಿಮ್ಮ ಜೋಡಿ ಉಪವಾಸ ಇರ್ತೀನಿ. ಆರು ನಲವತ್ತೇಳಕ್ಕ ಇಬ್ಬರೂ ಕೂಡೇ ಉಣ್ಣೂಣು," ಎಂದುಬಿಟ್ಟೆ.

"ನೀವಾ?" ಎಂದಳು ಗಿರಿಜಾ. "ಒಂಬತ್ತಕ್ಕ ಉಪ್ಪಿಟ್ಟು ಬರಲಿಲ್ಲಂದ್ರ ಮನಿ ತಲಿ ಮ್ಯಾಲ ಹೊತಗೊಳ್ಳೋರು!" ಬಂಧುಬಳಗ ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ. ಸೆರಗಿನೊಳಗಿಂದ ನನ್ನನ್ನೇ ನೋಡಿ, "ಆಗಲಿ, ಹೋಗೂಣು," ಎಂದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲ ಒಂದು ಬಿಳಿ ಅರಿವೆಯಲ್ಲಿ ಗಂಟಾಯಿತು. ಗಂಟಿಗೆ ಕಟ್ಟಿದ್ದು ನಾನು ಭೂಮಿ ಅಳೆದ ದಾರವನ್ನೇ.

ಮರುದಿನ ವಿಮಾನ ಸರಿಯಾಗಿ ಒಂದೂವರೆಗೆ ಹೊರಟಿತು. ಲೆಕ್ಕ ಶುರುವಾಯಿತು ಎಂದು ಹಿಗ್ಗಿದೆ. ಅತ್ತೆ ಕಿಟಕಿಯ ಪಕ್ಕ, ನಾನು ಈಚೆ. ಅಳಿಯನ ಮಗ್ಗುಲಲ್ಲಿ ಕೂರುವುದು ಅವರಿಗೆ ಅದೇ ಮೊದಲು. ನಮ್ಮ ಕಡೆ ಅಳಿಯ ಪಡಸಾಲೆಗೆ ಬಂದರೆ ಅತ್ತೆ ಒಳಗೆ ಹೋಗುತ್ತಾರೆ. ಇಲ್ಲಿ ಎದ್ದು ಒಳಗೆ ಹೋಗಲು ಒಳಗೆ ಎಂಬುದೇ ಇರಲಿಲ್ಲ. ಪಾಪ, ಸೆರಗನ್ನು ಹಣೆಯ ತನಕ ಎಳೆದುಕೊಂಡು, ಅವರು ಬೆಲ್ಟಿನ ಮೇಲೆ ಕೈ ಇಟ್ಟು ಕೂತರು.

ಸ್ವಲ್ಪ ಹೊತ್ತಿಗೆ ಊಟದ ಗಾಡಿ ಬಂತು. ಗಗನಸಖಿ ತಟ್ಟೆ ಮುಂದಿಟ್ಟಳು. ನಾನು ಕೈ ಅಡ್ಡ ಹಿಡಿದು, "ನೋ ಮೇಡಂ. ಫಾಸ್ಟಿಂಗ್. ಸಿಕ್ಸ್ ಫಾರ್ಟಿಸೆವೆನ್," ಎಂದೆ. ಅವಳಿಗೆ ಏನೂ ತಿಳಿಯಲಿಲ್ಲ. ನನ್ನ ಹೊಟ್ಟೆಗೆ ಮಾತ್ರ ಎಲ್ಲ ತಿಳಿದು ಅದು ಗುರುಗುಟ್ಟಿತು. ಅಕ್ಕಪಕ್ಕದವರು ತಟ್ಟೆಯ ಮೇಲಿನ ಹಾಳೆ ಸುಲಿದಾಗ ಬಂದ ಬಿಸಿ ಅನ್ನದ ವಾಸನೆಯನ್ನು ನಾನು ಇನ್ನೂ ಮರೆತಿಲ್ಲ.

ನನ್ನ ಕೈಗಡಿಯಾರವನ್ನು ಮಸ್ಕಿಯ ಟೈಮಿನಲ್ಲೇ ಇಟ್ಟಿದ್ದೆ. ಆರು ನಲವತ್ತಕ್ಕೆ ಅತ್ತೆ ಕೈ ತೊಳೆದುಕೊಂಡು ಬಂದರು. ವಿಭೂತಿಯ ಡಬ್ಬಿ ತೆಗೆದರು. ನಾನು ಗಂಟನ್ನು ಮಡಿಲಲ್ಲಿಟ್ಟುಕೊಂಡು ದಾರ ಬಿಚ್ಚಿದೆ. ನಲವತ್ತೈದು, ನಲವತ್ತಾರು, ನಲವತ್ತೇಳು!

"ಕೈ ಮುಗೀರಿ ಅತ್ತಿ," ಎಂದು ಕಿಟಕಿಯ ಮುಚ್ಚಳ ಎತ್ತಿದೆ.

ಭಗ್ಗೆಂದು ಬಿಸಿಲು ಒಳಗೆ ನುಗ್ಗಿತು. ಸೂರ್ಯ ಮಧ್ಯಾಹ್ನ ನಾಲ್ಕು ಗಂಟೆಯವನ ಹಾಗೆ ಎತ್ತರದಲ್ಲಿ, ಯಾವ ಅವಸರವೂ ಇಲ್ಲದೆ ನಿಂತಿದ್ದ. ಅತ್ತೆ ಮುಗಿಯಲು ಎತ್ತಿದ ಕೈಯನ್ನು ಹಣೆಗೆ ಮರೆ ಮಾಡಿಕೊಂಡು ನೋಡಿದರು. "ಅಳಿಯಾನವರ, ಇವ ಇನ್ನಾ ಮನಿಗಿ ಹೋಗೂ ವಿಚಾರದಾಗ ಇಲ್ಲಲ್ರಿ?"

"ನಾವು ಎತ್ತರದಾಗ ಅದೀವಲ್ರಿ. ಎತ್ತರದಿಂದ ಜರಾ ಜಾಸ್ತಿ ಹೊತ್ತು ಕಾಣಸ್ತಾನ. ಐದು ನಿಮಿಷ ತಡೀರಿ," ಎಂದೆ. ಐದು ನಿಮಿಷ ತಡೆದೆವು. ಹತ್ತು ತಡೆದೆವು. ಏಳು ಗಂಟೆಯಾಯಿತು, ಏಳೂವರೆಯಾಯಿತು. ಅವನು ಕದಲಲಿಲ್ಲ!

ಆಗ ಅತ್ತೆ ಮುಂದಿನ ಸೀಟಿನ ಬೆನ್ನಿಗಿದ್ದ ಪರದೆಗೆ ಬೆರಳು ತೋರಿಸಿದರು. ಅದರಲ್ಲಿ ಭೂಪಟ, ಭೂಪಟದ ಮೇಲೆ ಪುಟ್ಟ ವಿಮಾನ. ಬಲಗಡೆಯಿಂದ ಒಂದು ಕಪ್ಪು ನೆರಳು ಹರಡಿಕೊಂಡು ಬರುತ್ತಿತ್ತು. "ಈ ಕರಿ ಕಂಬಳಿ ಏನ್ರಿ?"

"ಅದು ರಾತ್ರಿ ರೀ."

"ನಮ್ಮೂರು ಎಲ್ಲೈತಿ?"

"ಕಂಬಳಿ ಒಳಗ."

"ಹಂಗಾರ ಗಿರಿಜಾ ದೀಪ ಹಚ್ಯಾಳ," ಎಂದರು ಅತ್ತೆ. ಪರದೆಯ ಮೇಲಿನ ಪುಟ್ಟ ವಿಮಾನಕ್ಕೆ ಬೆರಳಿಟ್ಟು, "ನಾವು ಕಂಬಳಿ ಮುಂದ ಓಡಾಕತ್ತೀವಿ. ಸೂರ್ಯ ಹೋಗೂ ಕಡೇನ ನಾವೂ ಹೊಂಟೀವಿ. ಹಿಂಗಾದ್ರ ಅವ ನಮಗ ಲಗೂ ಹೆಂಗ ಮುಣಗ್ತಾನ್ರಿ?" ಎಂದು ಕೇಳಿದರು.

ಮೂವತ್ತೊಂದು ವರ್ಷ! ಪ್ರತಿ ವರ್ಷ ಗ್ಲೋಬಿನ ಮುಂದೆ ಟಾರ್ಚು ಹಿಡಿದು, ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ ಎಂದು ಗಂಟಲು ಹರಿಯುವಂತೆ ಕೂಗಿದವನು ನಾನು. ಗಡಿಯಾರದ ನಾಲ್ಕೂವರೆ ತಾಸು ಪಂಪಣ್ಣನಿಗೆ ಬಿಡಿಸಿ ಹೇಳಿದವನು ನಾನು. ಗಡಿಯಾರವನ್ನು ಲಂಡನ್ನಿಗೆ ಕಳಿಸಿ ಸೂರ್ಯನನ್ನು ಮಾತ್ರ ಮಸ್ಕಿಯ ಕ್ಯಾಲೆಂಡರಿಗೆ ಕಟ್ಟಿಹಾಕಿ ಬಂದಿದ್ದೆ! ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಅತ್ತೆಗೆ ಅದು ಪರದೆ ನೋಡಿದೊಡನೆ ಹೊಳೆಯಿತು.

"ತಿರುಗಿ ಬರೂ ಮುಂದ ಹೊತ್ತು ಲಗೂನ ಮುಣಗ್ತದ ಅಲ್ರಿ?" ಎಂದು ಬೇರೆ ಕೇಳಿದರು. ಮೂವತ್ತೊಂದು ಬ್ಯಾಚಿನಲ್ಲಿ ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ.

ತಪ್ಪಾಯಿತು ಎಂದು ಅಲ್ಲಿಯೇ ಒಪ್ಪಿಕೊಳ್ಳಬಹುದಿತ್ತು. ಮಾಸ್ತರು ಒಪ್ಪಿಕೊಳ್ಳುತ್ತಾರೆಯೇ? ಕಿಟಕಿಯ ಮುಚ್ಚಳ ಇಳಿಸಿದೆ. ಪ್ರಯಾಣಿಕರು ಮಲಗಲೆಂದು ಒಳಗಿನ ದೀಪಗಳನ್ನೂ ಆರಿಸಿದ್ದರು. "ನೋಡ್ರಿ, ಕತ್ತಲಾತು," ಎಂದೆ.

"ಬಾಗಲಾ ಹಾಕ್ಕೊಂಡ್ರ ಹೊತ್ತು ಮುಣಗ್ತದೇನ್ರಿ?"

"ಅಲ್ರಿ ಅತ್ತಿ, ನಮ್ಮೂರಾಗಂತೂ ಮುಣಗೇತಲ್ಲ?"

"ಅಲ್ಲಿ ಮುಣಗಿದ್ರ ಅಲ್ಲಿದ್ದೋರು ಉಣ್ತಾರ. ನಾ ಇಲ್ಲಿ ಅದೀನಿ," ಎಂದರು. ಆಮೇಲೆ ತಾವೇ ಒಂದು ದಾರಿ ಸೂಚಿಸಿದರು. "ಡ್ರೈವರಗ ಜರಾ ಸಾವಕಾಶ ಹೊಡಿ ಅಂತ ಹೇಳ್ರಿ. ಕಂಬಳಿ ಬಂದು ನಮ್ಮನ್ನ ಮುಟ್ಟಲಿ."

ನಾನು ಗುಂಡಿ ಒತ್ತಿ ಗಗನಸಖಿಯನ್ನು ಕರೆದೇ ಬಿಟ್ಟೆ. "ಮೇಡಂ, ಪ್ಲೇನ್ ಲಿಟಲ್ ಸ್ಲೋ ಪಾಸಿಬಲ್?" ಅವಳು ನನಗೆ ಹೆದರಿಕೆಯಾಗಿದೆ ಎಂದು ತಿಳಿದು ಹೊದೆಯಲು ಒಂದು ಹೊದಿಕೆ ಕೊಟ್ಟಳು. "ಸನ್‌ಸೆಟ್ ವೆನ್?" ಎಂದೆ. ಲಂಡನ್ನಿನಲ್ಲಿ ಎಂಟೂ ಇಪ್ಪತ್ತರ ಸುಮಾರಿಗೆ ಎಂದು ಹೇಳಿದಳು. ಮಸ್ಕಿಯ ಲೆಕ್ಕದಲ್ಲಿ ನಡುರಾತ್ರಿ ಹನ್ನೆರಡೂ ಐವತ್ತು!

ಹನ್ನೆರಡೂ ಐವತ್ತು ಎಂದು ಕೇಳಿದೊಡನೆ ನನ್ನ ಹೊಟ್ಟೆ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಸಂಡಾಸಿಗೆ ಹೋಗಿ ಬರುತ್ತೇನೆಂದು ಎದ್ದು ವಿಮಾನದ ಹಿಂಭಾಗಕ್ಕೆ ಹೋದೆ. ಅಲ್ಲಿ ಒಂದು ಬುಟ್ಟಿಯಲ್ಲಿ ಬನ್ನು ಇಟ್ಟಿದ್ದರು. ಅತ್ತಿತ್ತ ನೋಡಿದೆ. ಶಿವನನ್ನು ನೆನೆದು ಎರಡೇ ತುತ್ತಿಗೆ ಮುಗಿಸಿದೆ. ಬಾಯಿ ಒರೆಸಿಕೊಂಡು, ಮುಖದಲ್ಲಿ ಉಪವಾಸದ ಕಳೆ ತಂದುಕೊಂಡು, ನಿಧಾನಕ್ಕೆ ನಡೆದು ಬಂದು ಸೀಟಿನಲ್ಲಿ ಕೂತೆ.

ಅತ್ತೆ ಪರದೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು. "ಐವತ್ತು ವರ್ಷದಾಗ ನನ್ನ ಜೋಡಿ ಉಪವಾಸ ಕುಂತವರು ನೀವೊಬ್ಬರ ನೋಡ್ರಿ. ನಿಮ್ಮ ಮಾವ ನನ್ನ ಮುಂದ ಕುಂತು ನಾಕ ರೊಟ್ಟಿ ಹೊಡೀತಿದ್ರು."

ಆ ಬನ್ನು ಎದೆಯಲ್ಲಿ ಎಲ್ಲಿ ಸಿಕ್ಕಿಕೊಂಡಿತೋ ಶಿವನೇ ಬಲ್ಲ. ಇಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ನನ್ನ ಗಡಿಯಾರದಲ್ಲಿ ಹತ್ತು ದಾಟಿದ ಮೇಲೆ ಅತ್ತೆ ಮಾತು ನಿಲ್ಲಿಸಿದರು. ಕಣ್ಣು ಮುಚ್ಚಿ ತಲೆಯನ್ನು ಹಿಂದಕ್ಕೆ ಆನಿಸಿದರು. ಸೆರಗು ಜಾರಿದ್ದೂ ಅವರಿಗೆ ತಿಳಿಯಲಿಲ್ಲ. ಕೈ ಮುಟ್ಟಿ ನೋಡಿದೆ, ತಣ್ಣಗಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹಿಂದಿನ ಶ್ರಾವಣದ ಅಂಗಳ ಕಣ್ಣ ಮುಂದೆ ಬಂತು. ನಿಮ್ಮನ್ನು ನಂಬಿ ಕಳಿಸುತ್ತಿದ್ದೇನೆ ಎಂದ ಗಿರಿಜಾಳ ಮುಖ ಬಂತು.

"ಅತ್ತಿ, ಒಂದು ರೊಟ್ಟಿ ತಿನ್ರಿ. ನಿಮ್ಮ ಕಾಲಿಗಿ ಬೀಳ್ತೀನಿ. ಪಾಪ ಬಂದ್ರ ನನಗ ಬರಲಿ."

"ಹಂಚಿಕೊಂಡು ತಿನ್ನಾಕ ಪಾಪ ಏನು ರೊಟ್ಟಿ ಏನ್ರಿ?" ಎಂದರು ಕಣ್ಣು ತೆರೆಯದೆ.

"ಲೆಕ್ಕ ತಪ್ಪೇತ್ರಿ ಅತ್ತಿ. ಪೂರಾ ತಪ್ಪೇತಿ. ತಪ್ಪು ನನ್ನದ." ಮೂವತ್ತೊಂದು ವರ್ಷದಲ್ಲಿ ಈ ವಾಕ್ಯ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಒಂದು ಬಂದ ಮೇಲೆ ಇನ್ನೊಂದೂ ತಡೆಯಲಿಲ್ಲ. "ಮತ್ತ... ನಾ ಹಿಂದ ಹೋಗಿ ಒಂದು ಬನ್ನು ತಿಂದೀನ್ರಿ."

"ಗೊತ್ತೈತಿ. ಮೀಸಿ ಮ್ಯಾಲ ಇನ್ನಾ ಐತಿ," ಎಂದರು.

ಮೀಸೆ ಒರೆಸಿಕೊಂಡೆ. ಅವರು ಉಣ್ಣಲಿಲ್ಲ. ಆದರೆ ನಾನು ಹಿಡಿದ ಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ. ಗುರುಗುಂಟಾದಲ್ಲಿ ಯಾರಾದರೂ ಕಂಡಿದ್ದರೆ ಏನೆನ್ನುತ್ತಿದ್ದರೋ! ಗಗನಸಖಿಯಿಂದ ಬಿಸಿ ಚಹಾ ತರಿಸಿ, ಸಕ್ಕರೆ ಮೇಲೆ ಸಕ್ಕರೆ ಹಾಕಿ ಗುಟುಕು ಗುಟುಕಾಗಿ ಕುಡಿಸಿದೆ. ಹತ್ತು ನಿಮಿಷಕ್ಕೊಮ್ಮೆ ಕಂಬಳಿ ಎಲ್ಲಿಗೆ ಬಂತು ಎಂದು ನೋಡುತ್ತಿದ್ದೆ. ಜೀವನದಲ್ಲಿ ಕತ್ತಲಾಗಲಿ ಎಂದು ನಾನು ಅಷ್ಟು ಬೇಡಿಕೊಂಡದ್ದು ಮತ್ತೆಂದೂ ಇಲ್ಲ.

ವಿಮಾನ ಇಳಿಯತೊಡಗಿತು. ದಪ್ಪ ಮೋಡದೊಳಗೆ ಹೊಕ್ಕು ಕೆಳಗೆ ಬಂದರೆ ಲಂಡನ್ ಬೂದಿ ಬಣ್ಣದಲ್ಲಿತ್ತು. ಜಿಟಿಜಿಟಿ ಮಳೆ. ಸೂರ್ಯನ ಪತ್ತೆಯೇ ಇಲ್ಲ. ಚಕ್ರ ನೆಲ ಮುಟ್ಟಿದ ಸದ್ದಿಗೆ ಅತ್ತೆ ಕಣ್ಣು ತೆರೆದು ಕಿಟಕಿಯತ್ತ ನೋಡಿದರು.

"ಮುಣಗಿದನೇನ್ರಿ?"

ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವರ ಐವತ್ತು ವರ್ಷವನ್ನು ಒಂದು ಸುಳ್ಳಿನಿಂದ ಕೆಡಿಸಲು ನನಗೆ ಮನಸ್ಸಾಗಲಿಲ್ಲ. "ಇಲ್ರಿ ಅತ್ತಿ. ಮೋಡದ ಹಿಂದ ಅದಾನ. ಇನ್ನಾ ಮೂವತ್ತೈದು ನಿಮಿಷ ಐತಿ."

"ಕಣ್ಣಿಗಿ ಕಾಣಸ್ತಾನೇನು?"

"ಇಲ್ರಿ."

"ಮತ್ತ? ಶ್ರಾವಣದಾಗ ಮೋಡ ಮುಚ್ಚಿದ್ರ ನಮ್ಮೂರಾಗ ಸೂರ್ಯನ್ನ ಯಾರು ಕೇಳ್ತಾರ್ರಿ? ಮೋಡ ಇದ್ದ ದಿನ ಲೆಕ್ಕ ಬ್ಯಾರೆ. ದನ ಮನಿ ಮುಟ್ಟಿದ್ವು ಅಂದ್ರ ಹೊತ್ತು ಮುಣಗಿದಂಗ. ನಮ್ಮತ್ತಿ ಕಾಲದಿಂದ ಹಿಂಗ ಐತಿ."

"ಇಲ್ಲಿ ದನ ಎಲ್ಲಿಂದ ತರ್ಲಿ ಅತ್ತಿ?" ನನ್ನ ದನಿ ಅಳುವಂತಾಗಿತ್ತು.

ಅತ್ತೆ ಸೆರಗು ಸರಿಮಾಡಿಕೊಂಡು, ನನ್ನನ್ನು ಅಡಿಯಿಂದ ಮುಡಿಯ ತನಕ ಸಾವಕಾಶವಾಗಿ ಒಮ್ಮೆ ನೋಡಿದರು.

"ಬಂದು ಮುಟ್ಟೇತಲ್ಲ," ಎಂದರು.

ಎಲ್ಲರೂ ಚೀಲ ಇಳಿಸಲು ಎದ್ದು ನಿಂತ ಗದ್ದಲದಲ್ಲಿ ಅತ್ತೆ ಕೈಮುಗಿದು, ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಕಣ್ಣಿಗೆ ಒತ್ತಿಕೊಂಡರು. ಗಂಟು ಬಿಚ್ಚಿದರು. ಮೊದಲ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ, ನನ್ನ ಕೈಗೆ ಕೊಟ್ಟರು. "ತಿನ್ರಿ. ಬನ್ನು ಎಷ್ಟು ಹೊತ್ತು ತಡೀತದ?" ಆಮೇಲೆ ತಾವು ಉಂಡರು. ಒಂದೂವರೆ ರೊಟ್ಟಿ ತಿಂದು ಗುಳಿಗೆ ನುಂಗಿದ ಮೇಲೆ ಅವರ ಮುಖಕ್ಕೆ ಬಣ್ಣ ಬಂದದ್ದನ್ನು ನೋಡಿ ನನ್ನ ಕಣ್ಣು ತೇವವಾಯಿತು. ಹೊರಗೆ ಶಶಿಕಲಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದಳು. ಎಲ್ಲ ಸುಸೂತ್ರವಾಯಿತೇ ಎಂದು ಕೇಳಿದಳು. ಲೆಕ್ಕ ಬರೋಬ್ಬರಿ ಆತು ಎಂದು ಅತ್ತೆ ನನ್ನ ಮಾನ ಕಾಪಾಡಿದರು.

ಆ ಮಾನ ಅಂದಿನ ಮಟ್ಟಿಗೆ ಮಾತ್ರ ಉಳಿಯಿತು. ಮರುದಿನ ಗಿರಿಜಾಳಿಗೆ ಫೋನು ಮಾಡಿ ಅತ್ತೆ ಕಂಬಳಿಯಿಂದ ದನದ ತನಕ ಎಲ್ಲವನ್ನೂ ನಗುನಗುತ್ತ ಹೇಳಿದ್ದಾರೆ. ಗಿರಿಜಾ ಪಂಪಣ್ಣನಿಗೆ ಹೇಳಿದ್ದಾಳೆ. ಪಂಪಣ್ಣನಿಗೆ ಹೇಳಿದ ಮೇಲೆ ಇನ್ನು ಯಾರಿಗೂ ಹೇಳುವ ಅಗತ್ಯ ಬರಲಿಲ್ಲ. ನಾನು ಹದಿನೈದು ದಿನ ಬಿಟ್ಟು ಮಸ್ಕಿಗೆ ಬಂದು, ಗ್ಲೋಬಿನ ಮೇಲಿನ ಸೀಮೆಸುಣ್ಣದ ಚುಕ್ಕೆ ಒರೆಸಿ ಶಾಲೆಗೆ ವಾಪಸು ಕೊಟ್ಟೆ. ಈಗ ನಮ್ಮ ಮನೆಗೆ ಯಾರೂ ದೂರ ಕೇಳಲು ಬರುವುದಿಲ್ಲ, ಹೊತ್ತು ಕೇಳಲೂ ಬರುವುದಿಲ್ಲ. ಆದರೂ ನನ್ನಿಂದ ಊರಿಗೆ ಉಪಯೋಗವಿಲ್ಲ ಎನ್ನುವಂತಿಲ್ಲ. ದಿನಾ ಸಂಜೆ ನಾನು ತಿರುಗಾಡಿಕೊಂಡು ಬಂದು ಗೇಟು ತೆಗೆಯುವುದನ್ನು ನೋಡಿ, "ಹೊತ್ತು ಮುಣಗಿತು," ಎಂದು ಹೇಳಿ ಪಂಪಣ್ಣ ಅಂಗಡಿಯ ಲೈಟು ಹಾಕುತ್ತಾನೆ.